ಇನ್ನೂರ ಹನ್ನೆರಡು ಮತದಾರರ ಮನೆಮಾತು

ಎಲ್ಲ ಎಡವಟ್ಟಿಗೂ ಕಾರಣ ಚುನಾವಣಾ ಸಮೀಕ್ಷೆಯ ಫಾರಂನ ಒಂದು ಕಾಲಂ: ಮತದಾರರ ಮನೆಮಾತು. ಒಂದೇ ಒಂದು ಬರೆಯಬೇಕು.

ಮಾರ್ಟಳ್ಳಿ ಕಡೆಯ, ತಮಿಳುನಾಡಿಗೆ ಅಂಟಿದ ಗಡಿ ಹಳ್ಳಿಯ ಡ್ಯೂಟಿ ಬಿದ್ದದ್ದು ದೇವರಾಜ್ ಮೇಷ್ಟ್ರಿಗೆ. ಸಂಜೆ ಆರಕ್ಕೆ ಕೊಳ್ಳೇಗಾಲದ ಅವರ ಮನೆಯಲ್ಲಿ ಮೊಮ್ಮಗಳ ತೊಟ್ಟಿಲು ಶಾಸ್ತ್ರ. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವ ಭಾಗ್ಯ ತಾತನದು. ತಡವಾದರೆ ಬೀಗರ ಪಾಲು. ಮೇಷ್ಟ್ರು ಕಾಲಿಗೆ ಚಕ್ರ ಕಟ್ಟಿಕೊಂಡು ಮಧ್ಯಾಹ್ನಕ್ಕೇ ಮುಗಿಸಿದರು. ಇನ್ನೂರ ಹನ್ನೆರಡು ಮತದಾರರು, ಅಷ್ಟೂ ಜನ ಕನ್ನಡ!

ಹನೂರಿನ ಚುನಾವಣಾ ಆಫೀಸಿನಲ್ಲಿ ಸಾಹೇಬರು ಇನ್ನೊಂದು ಪಟ್ಟಿ ಮುಂದಿಟ್ಟರು. ಮೇಷ್ಟ್ರ ಹಿಂದೆಯೇ ತಪಾಸಣೆಗೆ ಹೋಗಿದ್ದ, ತಮಿಳು ಮಾತಾಡುವ ರಂಗರಾಜು ಬರೆದದ್ದು. ಅದೇ ಇನ್ನೂರ ಹನ್ನೆರಡು, ಅಷ್ಟೂ ಜನ ತಮಿಳು!

"ಇಬ್ಬರಲ್ಲಿ ಒಬ್ಬರು ಮರದ ಕೆಳಗೆ ಕೂತು ಬರೆದಿದ್ದೀರಿ. ಹೋಗಿ ಸರಿ ಮಾಡ್ಕೊಂಡು ಬನ್ನಿ."

ಇಬ್ಬರೂ ಒಂದೇ ಬೈಕಿನಲ್ಲಿ ದಾರಿಯುದ್ದಕ್ಕೂ ಜಗಳವಾಡುತ್ತ ಹೋದರು. ಜಗುಲಿಯಲ್ಲಿದ್ದ ಗುರುಸಿದ್ದಮ್ಮಜ್ಜಿ ಜೋಡಿಯನ್ನು ಕಂಡು ಪೇಚಿಗೆ ಬಿದ್ದಳು.

"ಅಯ್ಯೋ ಸಿವನೇ, ಇಬ್ರೂ ಒಟ್ಗೇ ಬಂದ್ಬುಟ್ರಾ! ಒಬ್ಬೊಬ್ರೇ ಬಂದಾಗ ಸಲೀಸಾಗಿತ್ತು ಕಣ್ರಪ್ಪಾ."

"ನಿಜ ಹೇಳಜ್ಜಿ, ನಿಮ್ಮ ಮನೆಮಾತು ಯಾವುದು?" ಎಂದರು ಮೇಷ್ಟ್ರು.

"ನಮ್ಗೆ ಎರಡೂ ಒಂದೇಯ. ಬಂದೋರ ಮಾತೇ ನಮ್ಮಾತು. ಬಿಸ್ಲಲ್ಲಿ ಬಂದೋರ್ಗೆ 'ನಿಮ್ಮಾತು ನಮ್ದಲ್ಲ' ಅಂದ್ರೆ ನೊಂದ್ಕಳಾಕಿಲ್ವಾ? ಕೂತ್ಕಳಿ, ಮಜ್ಗೆ ಕುಡೀರಿ."

ಮೇಷ್ಟ್ರಿಗೆ ತೀರಿಹೋದ ತಾಯಿಯ ನೆನಪಾಯಿತು. ಇಂಥವರ ಮೇಲೆ ಯಾರಿಗೆ ತಾನೆ ಸಿಟ್ಟು ಬಂದೀತು? ಮಜ್ಜಿಗೆ ಕುಡಿದರು. ಮಿಕ್ಕ ಮನೆಗಳಲ್ಲೂ ಅದೇ ಉತ್ತರ, ಅದೇ ಮಜ್ಜಿಗೆ. ಹನೂರಿಗೆ ಬಂದಾಗ ಆರಕ್ಕೆ ಹತ್ತು ನಿಮಿಷ. ಕೊಳ್ಳೇಗಾಲ ಇನ್ನೂ ಅರ್ಧ ಗಂಟೆಯ ದಾರಿ, ಬೀಗರು ಅಷ್ಟು ಹೊತ್ತು ಕಾಯಬೇಕಿತ್ತು.

"ಮೇಷ್ಟ್ರೇ, ಒಂದು ಮನೆಗೆ ಒಂದು ಭಾಷೆ ಇರಲ್ವೇನ್ರೀ?" ಎರಡೂ ಮನೆಮಾತೇ ಎಂಬ ವರದಿಗೆ ಸಾಹೇಬರು ಸಿಡುಕಿದರು. "ನಿಮ್ಮ ಮನೆಗೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ. ಒಂದೇ ಉತ್ತರ ಬಂತೋ, ಈ ಹಳ್ಳಿಯ ಕೆಲಸ ಬೇರೆಯವರಿಗೆ ಕೊಟ್ಟು ನಿಮ್ಮನ್ನ ಬಿಡ್ತೀನಿ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಫೋನೆತ್ತಿದ್ದು ಹೆಂಡತಿ ಸರಸ್ವತಮ್ಮ.

"ರೀ, ಎಲ್ಲಿದ್ದೀರಿ? ಬೀಗರು ಆಗಲೇ ತೊಟ್ಟಿಲ ಹತ್ರ ನಿಂತವ್ರೆ!"

"ಬಂದೆ, ಬಂದೆ. ಸಾಹೇಬ್ರು ಕೇಳ್ತಾವ್ರೆ, ನಮ್ಮ ಮನೆಮಾತು ಯಾವುದು? ಒಂದೇ ಹೇಳು."

ಸರಸ್ವತಮ್ಮನಿಗೂ ಒಂದನ್ನೇ ಆರಿಸುವುದು ಕಷ್ಟ. ಅವರದು ನೇಯ್ಗೆಯವರ ಮನೆ, ಅತ್ತೆಯ ಕಾಲದಿಂದಲೂ ಒಳಮನೆಯಲ್ಲಿ ತೆಲುಗು, ಮಗ್ಗದ ಮುಂದೆ ಕನ್ನಡ.

"ಸಾಹೇಬ್ರ ಮನೇಲಿ ಏನ್ ಮಾತಾಡ್ತಾರೆ ಕೇಳ್ರಿ. ಅದನ್ನೇ ಬರ್ಸ್ಬಿಡಿ, ಪಾಪ, ಬೇಜಾರ್ ಮಾಡ್ಕೊಂಡಾರು!"

ಸಾಹೇಬರು ಪೆನ್ನು ತೆಗೆದು, ಮೇಷ್ಟ್ರು ಮತ್ತೆ ಸಮೀಕ್ಷೆ ಮಾಡಬೇಕಾದ ಜಾಗಗಳ ಪಟ್ಟಿಯಲ್ಲಿ ಹಳ್ಳಿಯ ಹೆಸರಿನ ಕೆಳಗೆ ಮೇಷ್ಟ್ರ ಬೀದಿಯನ್ನೂ ಸೇರಿಸಿದರು. ಅಷ್ಟರಲ್ಲಿ ಫೋನಿನೊಳಗಿಂದ ಬೀಗರು ಮಗುವಿನ ಹೆಸರು ಜೋರಾಗಿ ಹೇಳಿದ್ದು ಆಫೀಸಿಗೆಲ್ಲ ಕೇಳಿಸಿತು.