ಭಟ್ಕಳಕ್ಕೆ ಹೋದ ಕುಕ್ಕರ್

ನಮ್ಮ ದೊಡ್ಡಾಯಿಗೆ ಗಂಡ ಎಲ್ಲಿದ್ದಾನೆಂದು ಗೊತ್ತಿರದಿದ್ದರೂ ನಡೆದೀತು, ಪಾತ್ರೆ ಎಲ್ಲಿದೆಯೆಂದು ಗೊತ್ತಿರಲೇಬೇಕು! ದೊಡ್ಡಾಯಿ ಎಂದರೆ ಅಪ್ಪನ ಅಣ್ಣನ ಹೆಂಡತಿ, ಹಳದೀಪುರದಲ್ಲಿ ನಮ್ಮೆಲ್ಲರದೂ ಒಂದೇ ಮನೆ. ಚಕ್ಕುಲಿ ಕರಿದರೆ ಕುಮಟೆಯಿಂದ ಭಟ್ಕಳದವರೆಗೂ ಹಂಚುವ ಕೊಡುಗೈ. ಆದರೆ ಪಾತ್ರೆ ವಾಪಸ್ಸು ಬರಬೇಕು! ಕುಮಟೆಯ ಮದುವೆಯೊಂದರಲ್ಲಿ ಬಡಿಸುವವನನ್ನು ತಡೆದು, ಸಾರಿನ ಬಕೆಟ್ಟು ವಾಲಿಸಿ, ತಳದಲ್ಲಿ ಕೆತ್ತಿದ ಹೆಸರು ಓದಿದಳು. ಬಕೆಟ್ಟು ಅವಳದಾಗಿರಲಿಲ್ಲ. ಸಾರು ಮಾತ್ರ ಪಕ್ಕದವರ ಪಂಚೆಯ ಪಾಲಾಯಿತು.

ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಹೊನ್ನಾವರದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಮನೆಯ ಕಂಪ್ಯೂಟರಿನಲ್ಲಿ ಕಲಿಯುತ್ತಿದ್ದೆ. ಆ ವರ್ಷ ಚೌತಿಯಲ್ಲಿ ಚಕ್ಕುಲಿ ತುಂಬಿ ಕೊಟ್ಟ ಸಣ್ಣ ಡಬ್ಬಿಯೊಂದು ತಿರುಗಿ ಬರಲಿಲ್ಲ. ಅವಳ ಆಯಿ, ಎಂದರೆ ಅಮ್ಮ, ಇವಳ ಮದುವೆಗೆ ಮುಂಚೆ ಕೊಟ್ಟ ಡಬ್ಬಿ. ದೊಡ್ಡಾಯಿಗೆ ಊಟವೇ ಸೇರದು!

"ಕಂಪ್ಯೂಟರಿಗೆ ಎಲ್ಲಾ ಗೊತ್ತಿರ್ತಡ. ಯನ್ನ ಡಬ್ಬಿ ಹುಡ್ಕಿ ಕೊಡ್ತಾ?"

"ಇಲ್ಲೆ ದೊಡ್ಡಾಯಿ, ನಾವು ಹೇಳಿದ್ದಷ್ಟೇ ಅದಕ್ಕೆ ಗೊತ್ತಿರ್ತು."

"ಹಾಂಗಾರೆ ಆನೇ ಹೇಳ್ತೆ!" ಎಂದು ತಾನೇ ಅದರ ಮುಂದೆ ಕುಳಿತೇಬಿಟ್ಟಳು.

'ಪಾತ್ರೆ' ಎಂಬ ಕ್ಲಾಸ್ ಬರೆದೆವು. ಕ್ಲಾಸ್ ಎಂದರೆ ಒಂದು ಅಚ್ಚು. ಅದರಿಂದ ಡಬ್ಬಿ, ಕುಕ್ಕರ್, ತಪ್ಪಲೆ; ಮೊದಲಿಗೆ ಎಲ್ಲದರ ಊರೂ ಹಳದೀಪುರ. 'ಕೊಡು' ಎಂಬ ಕೆಲಸ ಎಲ್ಲಕ್ಕೂ ಒಂದೇ. ಕೊಟ್ಟ ಊರನ್ನು ದೊಡ್ಡಾಯಿ ಒಂದೇ ಬೆರಳಿನಲ್ಲಿ ಕುಟ್ಟಿ, ಪಾತ್ರೆ ಎಂಬ ಅಚ್ಚಿಗೇ ಅಂಟಿಸಿದಳು. ಅನುಮಾನವಿದ್ದದ್ದು ಭಟ್ಕಳದ ಗೆಳತಿಯ ಮೇಲೆ. ಡಬ್ಬಿಯನ್ನು ಭಟ್ಕಳಕ್ಕೆ ಕೊಟ್ಟೆವು. ಕುಕ್ಕರ್ ಎಲ್ಲಿ ಎಂದು ಕೇಳಿದರೆ, ಭಟ್ಕಳ! ತಪ್ಪಲೆ? ಅದೂ ಭಟ್ಕಳ!

"ಅಯ್ಯೋ, ಮನೆ ಪಾತ್ರೆ ಪೂರಾ ಭಟ್ಕಳದಲ್ಲಿ ಇದ್ದಡ!" ಎಂದು ಅಡುಗೆಮನೆಗೆ ಓಡಿದಳು. ಒಲೆಯ ಮೇಲಿದ್ದ ಕುಕ್ಕರ್ ಸೀಟಿ ಹೊಡೆಯಿತು.

ಊರನ್ನು ಅಚ್ಚಿಗಲ್ಲ, 'ಸೆಲ್ಫ್'ಗೆ ಬರೆಯಬೇಕೆಂದೆ. ಯಾವ ಪಾತ್ರೆಯನ್ನು ಕರೆದೆವೋ ಆ ಹೊತ್ತಿಗೆ ಸೆಲ್ಫ್ ಎಂದರೆ ಅದೇ ಪಾತ್ರೆ. ದೊಡ್ಡಾಯಿ ಬಿಟ್ಟಾಳೆಯೇ?

"'ಕೊಡು' ಕೆಲಸ ಬರೆವಾಗ ಸೆಲ್ಫು, ಊರು ಹೇಳಿ ಎರಡು ಬರ್ಸಿದೆ. ಕರೆವಾಗ ಊರು ಒಂದೇ ಕೊಟ್ಟೆ! ಇನ್ನೊಂದು ಎಲ್ಲಿಂದ ಬಂತೇ?"

"ಡಬ್ಬಿ, ಚುಕ್ಕಿ, ಕೊಡು ಹೇಳಿ ಬರದ್ದೆ ಅಲ್ದಾ? ಚುಕ್ಕಿ ಮುಂಚೆ ಇಪ್ಪ ಡಬ್ಬಿನೇ ಸೆಲ್ಫ್ ಆಗಿ ಒಳಗೆ ಹೋಗ್ತು."

"ಓಹೋ! ಪ್ರತಿ ಪಾತ್ರೆ ತಳಕ್ಕೂ ಅದ್ರದ್ದೇ ಹೆಸರು ಕೆತ್ತಿಸ್ದಂಗೆ!"

ತಿದ್ದಿ ಓಡಿಸಿದೆವು. ಕುಕ್ಕರ್ ಹಳದೀಪುರ. ಡಬ್ಬಿ ಮಾತ್ರ ಭಟ್ಕಳ! ದೊಡ್ಡಾಯಿ ಕುಣಿದದ್ದೇ ಕುಣಿದದ್ದು. ಅದೇ ಹುರುಪಿನಲ್ಲಿ ಗೆಳತಿಗೆ ಫೋನು ಹಚ್ಚಿದಳು.

"ಡಬ್ಬಿ ಒಂದು ಇದೆ ಮಾರಾಯ್ರೆ," ಎಂದರು ಅವರು. "ಆದ್ರೆ ತಳದಲ್ಲಿ ನಿಮ್ಮ ಯಜಮಾನರ ಹೆಸರಿಲ್ಲ, ನಾಗವೇಣಿ ಅಂತ ಇದೆ. ಯಾರದ್ದೋ ಅಂತ ಎತ್ತಿಟ್ಟೆ."

ನಾಗವೇಣಿ ಯಾರು ಎಂದು ಕೇಳಿದೆ.

"ಆನೇ," ಎಂದಳು ದೊಡ್ಡಾಯಿ. ಮದುವೆಯ ದಿನ ಗಂಡನ ಮನೆಯವರು ಅವಳ ಹೆಸರು ಬದಲಿಸಿದರಂತೆ. ಮನೆಯ ಪಾತ್ರೆಗಳಲ್ಲೆಲ್ಲ ದೊಡ್ಡಪ್ಪನ ಹೆಸರು. ಅವಳದೆಂದು ಇದ್ದದ್ದು ಆ ಡಬ್ಬಿಯೊಂದೇ.

ಮರುದಿನ ಬಸ್ಸಿನಲ್ಲಿ ಹೋಗಿ ಡಬ್ಬಿ ತಂದು, ಕಂಪ್ಯೂಟರಿನ ಪಕ್ಕ ಇಟ್ಟಳು. ಡಬ್ಬಿಯ ಸೆಲ್ಫಿಗೆ ಹೆಸರನ್ನೂ ತಾನೇ ಕುಟ್ಟಿದಳು. ನಾನು ಎಂಟರ್ ಒತ್ತಿದೆ. ಪರದೆಯ ಮೇಲೆ ನಾಗವೇಣಿ ಎಂದು ಮೂಡಿತು. ದೊಡ್ಡಾಯಿ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಆಯಿ ಹೋದ್ಮೇಲೆ ಯಾರೂ ಹಾಂಗೆ ಕರದ್ದೇ ಇಲ್ಲೆ. ಇನ್ನೊಂದ್ಸಲ ಹೇಳ್ಸೇ ಕೂಸೆ."

ಎಂಟರ್ ಒತ್ತದೆ ನಾನೇ ಕರೆದೆ, "ನಾಗವೇಣೀ!"

ದೊಡ್ಡಾಯಿ "ಓ" ಎಂದಳು.