ಅತ್ತೆಯ ಎಡಗೆನ್ನೆ

ಜನರ ಮುಖದ ಕಲೆ ಅಳಿಸುವುದೇ ನನ್ನ ಹೊಟ್ಟೆಪಾಡು. ಫೋಟೊ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಊರಿನ ಮೊಡವೆ, ಗಾಯದ ಗುರುತು, ಕಣ್ಣಿನ ಕೆಳಗಿನ ಕಪ್ಪು, ಎಲ್ಲಕ್ಕೂ ಮೋಕ್ಷ ಕರುಣಿಸುವವನು ನಾನು. ನನ್ನ ಕೈಗೆ ಸಿಕ್ಕ ಮುಖ ಯಾವುದೂ ತನ್ನ ನಿಜವಾದ ವಯಸ್ಸಿನಲ್ಲಿ ಹೊರಗೆ ಹೋದದ್ದಿಲ್ಲ. ಇಂಥ ಮಹಾಪುರುಷನ ಮನೆಯಲ್ಲೇ ಒಂದು ಮುಖ ಮಾತು ಕೇಳಲಿಲ್ಲ ನೋಡಿ. ನನ್ನ ಹೆಂಡತಿಯದು.

ಎರಡನೆಯ ಬಾಣಂತನ ಮುಗಿಯುವ ಹೊತ್ತಿಗೆ ಅವಳ ಎರಡೂ ಕೆನ್ನೆಗೆ ಭಂಗು ಬಂದಿತ್ತು. ಚಹಾ ಚೆಲ್ಲಿ ಒರೆಸದೆ ಬಿಟ್ಟ ಹಾಗೆ. ಅವಳ ತಾಯಿಗೂ ಅಂಥದ್ದೇ ಇತ್ತು. ಹೆಂಡತಿ ಅದರ ತಂಟೆಗೆ ಹೋಗಿರಲಿಲ್ಲ. ಕೈ ತುರಿಸುತ್ತಿದ್ದದ್ದು ನನಗೆ. ಔಷಧಿ ಅಂಗಡಿಯ ಗೆಳೆಯನಿಂದ ಒಂದು ಟ್ಯೂಬು ತಂದೆ. (ಡಾಕ್ಟರ ಚೀಟಿ ಕೇಳದೆ ಕೊಟ್ಟ. ಗೆಳೆತನ ಎಂದರೆ ಅದು.)

"ನಿಮ್ಮ ಮೇಲೆ ನನಗೆ ನಂಬಿಕೆ ಇಲ್ಲ. ಎಡಗಡೆ ಮಾತ್ರ ಹಚ್ಚಿ ನೋಡ್ತೀನಿ," ಎಂದಳು.

ಕೆಲವು ವಾರ ಎಡಗೆನ್ನೆ ಬೆಳಗಿತು. ನಾನು ಮನೆಯಲ್ಲಿ ಎದೆ ಉಬ್ಬಿಸಿ ಓಡಾಡಿದೆ. ಆಮೇಲೆ ಅದು ಕೆಂಪಾಯಿತು. ಚರ್ಮ ತೆಳುವಾಗಿ, ಒಲೆಯ ಮುಂದೆ ನಿಂತರೆ ಸಾಕು, ಉರಿ. ಚರ್ಮದ ಡಾಕ್ಟರಮ್ಮ ಟ್ಯೂಬನ್ನು ತಿರುಗಿಸಿ ನೋಡಿದರು.

"ಇದರಲ್ಲಿ ಸ್ಟೀರಾಯ್ಡ್ ಇದೆ. ಯಾರು ಬರೆದುಕೊಟ್ಟದ್ದು?"

ಹೆಂಡತಿ ಗದ್ದ ಎತ್ತಿ ನನ್ನನ್ನು ತೋರಿಸಿದಳು.

"ಭಂಗು ನಿಧಾನಕ್ಕೆ ತಿಳಿಯಾಗುತ್ತೆ, ಬಿಸಿಲು ಬಿದ್ರೆ ಮತ್ತೆ ಬರುತ್ತೆ. ನಾನು ಕೊಡೋ ಕ್ರೀಮು ಹಚ್ಚಿ, ಕೊಡೆ ಹಿಡೀರಿ. ಇವರು ತಂದದ್ದನ್ನ ಮುಟ್ಟಬೇಡಿ."

ಆ ಉರಿ ಆರುವ ಮೊದಲೇ ಅತ್ತೆ ತೀರಿಕೊಂಡರು.

ಅವರು ಫೋಟೊ ತೆಗೆಸಿಕೊಂಡದ್ದು ಒಂದೇ ಸಲ, ನಮ್ಮ ಸ್ಟುಡಿಯೋದಲ್ಲೇ. ಅದನ್ನು ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ ಮನೆಗೆ ತಂದೆ. ಹೆಂಡತಿ ಒದ್ದೆ ಕೈ ಒರೆಸಿಕೊಂಡು ಬಂದು ನೋಡಿದಳು.

"ಇದು ಯಾರು?"

"ನಿಮ್ಮಮ್ಮ ಕಣೇ."

"ಅಮ್ಮನ ಭಂಗು ಎಲ್ಲಿ?"

"ತೆಗೆದೆ."

"ಕೇಳಿದೋರು ಯಾರು?"

ಯಾರೂ ಕೇಳಿರಲಿಲ್ಲ. ಮುಖ ಕಂಡರೆ ಕೈ ತಾನಾಗಿ ಹೋಗುತ್ತದೆ. ಸಾಲದ್ದಕ್ಕೆ, ಮೊದಲಿನ ಚಿತ್ರದ ಮೇಲೆಯೇ ಹೊಸದನ್ನು ಉಳಿಸುವುದು ನನ್ನ ಚಟ. ಹಳೆಯದು ಎಲ್ಲೂ ಇರಲಿಲ್ಲ.

ಅವಳು ಅಳಲಿಲ್ಲ. ಚೌಕಟ್ಟನ್ನು ಗೋಡೆಗೆ ಮುಖ ಮಾಡಿ ಇಟ್ಟಳು. "ಸತ್ತು ಒಂದು ಸಲ ಹೋದ್ಲು. ಇನ್ನೊಂದು ಸಲ ನೀವು ಕಳಿಸಿದ್ರಿ. ವಾಪಸ್ ಹಾಕಿ."

"ಎಲ್ಲೆಲ್ಲಿತ್ತು ಅಂತ ನೆನಪಿಲ್ಲ ಕಣೇ."

"ಅಮ್ಮಂದೂ ನಂದೂ ಒಂದೇ ಅಚ್ಚು ಅಂತಿದ್ರು ಎಲ್ಲರೂ. ನನ್ನ ನೋಡಿ ಹಾಕಿ."

ಸ್ಟುಡಿಯೋಗೆ ರಜೆಯ ದಿನ ಅವಳು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಮದುವೆಯಾದ ಮೇಲೆ ಅವಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಕಣ್ಣಿನ ಕೆಳಗೆ ಅಗಲ, ಮೂಗಿನ ಬದಿಗೆ ತೆಳು, ಅಂಚು ಹರಿದ ಕಾಗದದ ಹಾಗೆ. ಬಲಗೆನ್ನೆ ಮುಗಿಯುತ್ತಲೇ ಅತ್ತೆ ಅರ್ಧ ಬಂದುಬಿಟ್ಟರು. ಬಂದವರೇ ಹಳೆಯ ಅಸಮಾಧಾನದಿಂದ ನನ್ನನ್ನೇ ನೋಡತೊಡಗಿದರು. ಎಡಗಡೆಗೆ ನೋಡಿ ಹಾಕಲು ಹೆಂಡತಿಯ ಕೆನ್ನೆಯಲ್ಲಿ ಕೆಂಪು ಚರ್ಮ ಬಿಟ್ಟು ಏನೂ ಇರಲಿಲ್ಲ. ಬಲಗಡೆಯದನ್ನೇ ಮಗುಚಿ ಅಂಟಿಸಿದೆ.

"ಅದಲ್ಲ. ಎಡಗಡೇದು ಕಿವಿ ಹತ್ರ ಚೂಪಾಗಿ ಇಳಿದಿತ್ತು. ಚಿಕ್ಕವಳಿದ್ದಾಗ ಅದನ್ನ ಬೆರಳಲ್ಲಿ ಸವರ್ತಾ ನಿದ್ದೆ ಹೋಗ್ತಿದ್ದೆ."

"ಎಷ್ಟು ಚೂಪು?"

"ನನ್ನ ಕೆನ್ನೆ ಮೇಲೂ ಇತ್ತಲ್ಲ. ಅಳಿಸಿದ್ದು ಯಾರು?"

ಹೀಗಾಗಿ ಅತ್ತೆ ಈಗ ಒಂದೇ ಕೆನ್ನೆಯ ಭಂಗಿನೊಂದಿಗೆ ಗೋಡೆಯ ಮೇಲಿದ್ದಾರೆ. ಊರಿನ ಕಲೆಗಳಿಗೆಲ್ಲ ಯಮನಾದ ನಾನು ದಿನಾ ಬೆಳಿಗ್ಗೆ ಹೆಂಡತಿಯನ್ನು ಕಿಟಕಿಯ ಬಳಿ ನಿಲ್ಲಿಸಿ, ಎಡಗೆನ್ನೆಗೆ ಭಂಗು ಮರಳಿತೇ ಎಂದು ಹುಡುಕುತ್ತೇನೆ. ಅವಳೋ ಡಾಕ್ಟರಮ್ಮನ ಕ್ರೀಮನ್ನು ಒಂದು ದಿನವೂ ತಪ್ಪಿಸುವುದಿಲ್ಲ.

"ಇವತ್ತು ಕೊಡೆ ಬೇಡ ಬಿಡು, ಬಿಸಿಲು ಹಿತವಾಗಿದೆ," ಎಂದು ನಿನ್ನೆ ಮೆಲ್ಲಗೆ ಹೇಳಿ ನೋಡಿದೆ.

ಅವಳು ಬಾಗಿಲಲ್ಲೇ ಕೊಡೆ ಬಿಚ್ಚಿದಳು.

"ನಿಮ್ಮ ಮಾತು ಕೇಳಿ ಒಂದು ಸಲ ಸುಟ್ಕೊಂಡದ್ದು ಸಾಕು. ಕಾಯಿರಿ." ಗದ್ದ ಎತ್ತಿ ಗೋಡೆ ತೋರಿಸಿದಳು. "ಅಮ್ಮನೂ ಕಾಯ್ತಿದ್ದಾಳೆ."