ಸ್ಯಾಂಪಲ್ ಪೀಸ್ ನಲ್ಲಪ್ಪ

ಆ ವರ್ಷದ ಆಯುಧಪೂಜೆಯ ದಿನ ಪೀಣ್ಯದ ಬೋಲ್ಟು ಕಾರ್ಖಾನೆಯಲ್ಲಿ ನಡೆದ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಬಾಗಲಗುಂಟೆಯ ನಲ್ಲಪ್ಪ ಎಂಟನೆಯವನಾಗಿ ಬಂದ. ಸ್ಪರ್ಧೆಯಲ್ಲಿದ್ದವರು ಎಂಟು ಜನ.

ಹಿಂದಿನ ವರ್ಷ ಅವನು ನಾಲ್ಕನೆಯವನಾಗಿದ್ದ. ಮೊದಲ ಮೂವರು ದಿನಗೂಲಿಗಳನ್ನು ಕ್ರೀಡಾ ಕೋಟಾದಲ್ಲಿ ಪರ್ಮನೆಂಟ್ ಮಾಡುವುದು ಆ ಕಾರ್ಖಾನೆಯ ನಿಯಮ. ಒಂದು ಸ್ಥಾನದಲ್ಲಿ ತಪ್ಪಿಹೋದದ್ದನ್ನು ಹಿಡಿಯಲೇಬೇಕೆಂದು ನಲ್ಲಪ್ಪ ವರ್ಷವಿಡೀ ಊರ ಗರಡಿಯಲ್ಲಿ ದಂಡ ಬಸ್ಕಿ ಹೊಡೆದ. ನೆನೆಸಿದ ಕಡಲೆ ತಿಂದ. ಹೆಂಡತಿ ಅನುಸೂಯಮ್ಮ ಮುದ್ದೆಯ ಗಾತ್ರ ಹೆಚ್ಚಿಸಿದಳು. ಮೈ ನಿಜವಾಗಿಯೂ ಸುಧಾರಿಸಿತು. ಆ ಸುಧಾರಿಸಿದ ಮೈ ಹೊತ್ತುಕೊಂಡೇ ಅವನು ನಾಲ್ಕರಿಂದ ಎಂಟಕ್ಕೆ ಇಳಿದ.

ಮೊದಲ ಬಹುಮಾನ ಆವಲಪ್ಪನಿಗೆ ಬಂತು. ಹಿಂದಿನ ವರ್ಷ ಅವನೇ ಕೊನೆಯವನು. ಈಗ ಅವನ ತೋಳುಗಳು ಎಷ್ಟು ಊದಿದ್ದವೆಂದರೆ, ಮುಖ್ಯ ಅತಿಥಿಗಳಿಗೆ ಕೈ ಮುಗಿಯಲು ಹೋದಾಗ ಅಂಗೈಗಳು ಒಂದಕ್ಕೊಂದು ಮುಟ್ಟಲಿಲ್ಲ. ಅತಿಥಿಗಳು ಅದು ಪೈಲ್ವಾನರ ನಮಸ್ಕಾರವಿರಬೇಕೆಂದು ತಿಳಿದು ತಾವೂ ಕೈಗಳನ್ನು ಒಂದು ಗೇಣು ದೂರವಿಟ್ಟು ಮುಗಿದರು.

ಶೆಡ್ಡಿನ ಹಿಂದೆ ಮೈಯ ಎಣ್ಣೆ ಒರೆಸಿಕೊಳ್ಳುವಾಗ ನಲ್ಲಪ್ಪ ಆವಲಪ್ಪನನ್ನು ಕೇಳಿದ.

"ಏನ್ಲಾ ತಿಂತೀಯ ನೀನು?"

"ಮುದ್ದೆ ಕಣಣ್ಣ."

"ನಾನೂ ಅದನ್ನೇ ಕಣ್ಲಾ ತಿನ್ನೋದು."

"ನಿನ್ ಮುದ್ದೆ ಒಳಗೆ ಮಾತ್ರೆ ಇಲ್ವಲ್ಲಣ್ಣ."

ಜಾಲಹಳ್ಳಿ ಕ್ರಾಸಿನ ಒಂದು ಔಷಧದ ಅಂಗಡಿಯಲ್ಲಿ ಸಿಗುತ್ತಿದ್ದ ನಸುಗೆಂಪು ಮಾತ್ರೆ ಅದು. ಕಾಯಿಲೆ ಬಿದ್ದು ಎದ್ದವರಿಗೆ ಮೈ ಹಿಡಿಯಲೆಂದು ಮಾಡಿದ್ದು. ಉಳಿದ ಏಳು ಜನವೂ ಅದನ್ನು ನುಂಗುತ್ತಿದ್ದರು. ನುಂಗದ ನಲ್ಲಪ್ಪನನ್ನು ಸೋಮಾರಿ ಎಂದು ತಿಳಿದಿದ್ದರು. ವಿಷಯ ಅದಲ್ಲ. ನಲ್ಲಪ್ಪನಿಗೆ ಚಿಕ್ಕಂದಿನಿಂದಲೂ ಮಾತ್ರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನೀರು ಹೋಗುತ್ತಿತ್ತು, ಮಾತ್ರೆ ನಾಲಿಗೆಯ ಮೇಲೇ ಉಳಿಯುತ್ತಿತ್ತು. ಮುಂದೆ ಅವನ ಶೀಲವೆಂದು ಭಾಷಣಗಳಲ್ಲಿ ಹೊಗಳಿಸಿಕೊಂಡದ್ದು ಈ ಗಂಟಲಿನ ದೋಷವೇ.

ದೀಪಾವಳಿ ಕಳೆದ ಮೇಲೆ ಕೈಗಾರಿಕಾ ಪ್ರದೇಶದ ದೇಹದಾರ್ಢ್ಯ ಒಕ್ಕೂಟದಿಂದ ಸುತ್ತೋಲೆ ಬಂತು. ಸಂಕ್ರಾಂತಿಗೆ ನಡೆಯುವ ಅಂತರ ಕಾರ್ಖಾನೆ ಸ್ಪರ್ಧೆಗೆ ಕಳುಹಿಸುವ ದೇಹಗಳು ಔಷಧಮುಕ್ತವಾಗಿರತಕ್ಕದ್ದು. ತಪಾಸಣೆಯ ಕ್ರಮವನ್ನು ಆಯಾ ಕಾರ್ಖಾನೆಗಳು ತಮ್ಮ ರೂಢಿಯಂತೆ ಅನುಸರಿಸತಕ್ಕದ್ದು.

ವೆಲ್ಫೇರ್ ಆಫೀಸರ್ ಕೃಷ್ಣಪ್ಪನವರು ಸಭೆ ಕರೆದರು. ಇನ್‌ಸ್ಪೆಕ್ಷನ್ ವಿಭಾಗದ ಫೋರ್ಮನ್ ವೆಂಕಟೇಶಪ್ಪನವರಿಗೆ ರೂಢಿ ಏನೆಂದು ಗೊತ್ತಿತ್ತು.

"ಬೋಲ್ಟ್ ಕಳಿಸ್ವಾಗ ಒಂದೊಂದಾಗಿ ನೋಡ್ತೀವಾ ಸಾರ್? ಒಂದು ಸ್ಯಾಂಪಲ್ ನೋಡ್ತೀವಿ. ಸ್ಯಾಂಪಲ್ ಪಾಸಾದ್ರೆ ಇಡೀ ಲಾಟ್ ಪಾಸು."

"ಏಳು ಜನದಲ್ಲಿ ಯಾರನ್ನ ತಗೀತೀರಿ?"

"ಲಾಟಿಂದ ತಗೀಬಾರದು ಸಾರ್. ಲಾಟಿಂದ ತಗೆದ್ರೆ ರಿಜೆಕ್ಟ್ ಆಗೋಗುತ್ತೆ. ಸ್ಯಾಂಪಲ್ಲು ಯಾವಾಗ್ಲೂ ಬೇರೆ ಇರ್ಬೇಕು."

ಇದು ಪೀಣ್ಯದಲ್ಲಿ ಯಾರಿಗೂ ಹೊಸದಾಗಿರಲಿಲ್ಲ. ಗಿರಾಕಿಗೆ ತೋರಿಸುವ ಪೀಸನ್ನು ಹಳೆಯ ಕೆಲಸಗಾರನೊಬ್ಬ ಮುತುವರ್ಜಿಯಿಂದ ಕಡೆಯುತ್ತಿದ್ದ. ಅದಕ್ಕೆ ಹಸಿರು ಚೀಟಿ ಕಟ್ಟಿ ಗಾಜಿನ ಬೀರುವಿನಲ್ಲಿ ಇಡುತ್ತಿದ್ದರು. ಲಾರಿಯಲ್ಲಿ ಹೋಗುವ ಮಾಲು ಬೇರೆ.

ಕಾರ್ಖಾನೆಯ ಡಾಕ್ಟರು ನಲ್ಲಪ್ಪನ ಕಣ್ಣು, ನಾಲಿಗೆ, ರಕ್ತ, ಮೂತ್ರ ನೋಡಿದರು. ಎಲ್ಲವೂ ಚೆನ್ನಾಗಿತ್ತು. ಏಳು ಜನ ಪಾಸಾದರು.

ನಲ್ಲಪ್ಪನ ಅಂಗಿಯ ಗುಂಡಿಗೆ ಹಸಿರು ಚೀಟಿ ಕಟ್ಟಿದರು.

"ನಾನು ಯಾವ ನಂಬರಲ್ಲಿ ನಿಲ್ಲೋದು ಸಾರ್, ಸಂಕ್ರಾಂತಿಗೆ?" ಎಂದು ಅವನು ಕೇಳಿದ.

"ನೀನು ನಿಲ್ಲಂಗಿಲ್ಲ ಕಣಯ್ಯ," ಎಂದರು ವೆಂಕಟೇಶಪ್ಪ. "ಸ್ಯಾಂಪಲ್ ಪೀಸನ್ನ ಯಾರಾದ್ರೂ ಮಿಷನ್ನಿಗೆ ಹಾಕ್ತಾರಾ?"

"ಅಂಗಾದ್ರೆ ನನ್ ಪರ್ಮನೆಂಟು?"

"ಅದು ಗೆದ್ದೋರಿಗೆ."

ಮರುದಿನ ನೋಟಿಸ್ ಬೋರ್ಡಿನಲ್ಲಿ ಸ್ಯಾಂಪಲಿನ ನಿರ್ವಹಣೆಯ ನಿಯಮಗಳು ಪ್ರಕಟವಾದವು. ಸ್ಯಾಂಪಲು ಭಾರ ಎತ್ತತಕ್ಕದ್ದಲ್ಲ, ಸವೆಯುತ್ತದೆ. ಜ್ವರ ಬಂದಲ್ಲಿ ಮಾತ್ರೆ ತೆಗೆದುಕೊಳ್ಳತಕ್ಕದ್ದಲ್ಲ. ಕಷಾಯಕ್ಕೆ ಫೋರ್ಮನ್ನರ ಪೂರ್ವಾನುಮತಿ ಪಡೆಯತಕ್ಕದ್ದು. ಮಳೆಯಲ್ಲಿ ನೆನೆಯತಕ್ಕದ್ದಲ್ಲ. ಸ್ಯಾಂಪಲನ್ನು ಯಾರೂ ರೇಗಿಸತಕ್ಕದ್ದಲ್ಲ. ಕೊನೆಯ ನಿಯಮವನ್ನು ಓದಿದ ಮೇಲೆಯೇ ಎಲ್ಲರೂ ರೇಗಿಸಲು ಶುರುಮಾಡಿದರು.

ಗರಡಿ ನಿಂತಿತು. ನಲ್ಲಪ್ಪನಿಗೆ ಸಣ್ಣ ಹೊಟ್ಟೆ ಬಂತು. ದಿನಗೂಲಿ ಮಾತ್ರ ಹಾಗೆಯೇ ಇತ್ತು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ಆವಲಪ್ಪನ ಮುಂದೆ ಕೈ ಚಾಚಿದ.

"ಒಂದ್ ಮಾತ್ರೆ ಕೊಡ್ಲಾ."

ಆವಲಪ್ಪ ಉದಾರಿ. ಸಾರಿನ ಕಡೆ ಗಮನವಿದ್ದದ್ದರಿಂದ ಯೋಚಿಸದೆ ಕೊಟ್ಟುಬಿಟ್ಟ. ನಲ್ಲಪ್ಪ ಮಾತ್ರೆ ಬಾಯಿಗೆ ಹಾಕಿ ಒಂದು ಲೋಟ ನೀರು ಕುಡಿದ. ಮಾತ್ರೆ ಇಳಿಯಲಿಲ್ಲ. ಎರಡನೆಯ ಲೋಟ ಎತ್ತುವಷ್ಟರಲ್ಲಿ ಏಳು ಜನವೂ ಅವನನ್ನು ಸುತ್ತಿಕೊಂಡಿದ್ದರು.

"ಉಗೀ ಅಣ್ಣ. ನೀನು ಕೆಟ್ರೆ ನಾವೆಲ್ಲಾ ರಿಜೆಕ್ಟು."

"ನಮ್ ಮಕ್ಕಳ ಮುಖ ನೋಡಣ್ಣ."

ಆವಲಪ್ಪ ಬೆರಳು ಹಾಕಿ ಮಾತ್ರೆಯನ್ನು ಹೊರತೆಗೆದ. ದುಬಾರಿ ಮಾಲು, ಹಾಳಾಗುವುದು ಬೇಡವೆಂದು ತಾನೇ ನುಂಗಿದ.

ಆ ಸಂಜೆ ತುರ್ತು ಸಭೆ ಸೇರಿತು. ಪರ್ಮನೆಂಟ್ ಮಾಡದಿದ್ದರೆ ದಿನಕ್ಕೊಂದು ಸಲ ಪ್ರಯತ್ನ ಮಾಡುವುದಾಗಿ ನಲ್ಲಪ್ಪ ಹೇಳಿದ. ಗಂಟಲಿನ ವಿಷಯ ಹೇಳಲಿಲ್ಲ.

"ಸ್ಯಾಂಪಲಿಗೆ ಪರ್ಮನೆಂಟ್ ಹೆಂಗ್ರೀ ಕೊಡೋದು?" ಎಂದು ಕೃಷ್ಣಪ್ಪನವರು ತಲೆ ಕೆರೆದುಕೊಂಡರು.

"ಲಾಟು ಬರುತ್ತೆ, ಹೋಗುತ್ತೆ ಸಾರ್," ಎಂದರು ವೆಂಕಟೇಶಪ್ಪ. "ಸ್ಯಾಂಪಲ್ಲೇ ಅಲ್ವಾ ಪರ್ಮನೆಂಟು?"

ಈ ಮಾತಿನಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಆದೇಶ ಕೈಗೆ ಬಂದ ದಿನ ನಲ್ಲಪ್ಪ ಮನೆಗೆ ಅರ್ಧ ಕೇಜಿ ಮೈಸೂರುಪಾಕು ಒಯ್ದ.

"ಎಂಟನೇಯೋನಿಗೆ ಯಾಕ್ ಕೊಟ್ರು?" ಎಂದಳು ಅನುಸೂಯಮ್ಮ.

"ಏನೂ ಮಾಡ್ದೇ ಇರೋದಕ್ಕೆ."

"ಅದ್ರಲ್ಲಿ ನೀನು ಮೊದಲಿಂದ್ಲೂ ಗಟ್ಟಿ ಬಿಡು."

ಅಂದಿನಿಂದ ನಲ್ಲಪ್ಪ ಇನ್‌ಸ್ಪೆಕ್ಷನ್ ಕೋಣೆಯಲ್ಲಿ ಗಾಜಿನ ಬೀರುವಿನ ಪಕ್ಕ ಸ್ಟೂಲಿನ ಮೇಲೆ ಕೂತ. ಬೀರುವಿನೊಳಗಿನ ಬೋಲ್ಟುಗಳಿಗೂ ಅವನಿಗೂ ಒಂದೇ ಬಣ್ಣದ ಚೀಟಿ. ಬಂದವರು ಮೊದಲು ಬೋಲ್ಟುಗಳನ್ನು ನೋಡುತ್ತಿದ್ದರು.

ಸಂಕ್ರಾಂತಿಗೆ ಆವಲಪ್ಪ ಇಡೀ ಪೀಣ್ಯಕ್ಕೆ ಮೊದಲನೆಯವನಾಗಿ ಬಂದ. ಗೆದ್ದ ಕಪ್ಪನ್ನು ಎತ್ತಿಹಿಡಿದ ಫೋಟೋವನ್ನು ಗೇಟಿನ ಬಳಿ ಹಾಕಿದರು. ಶಿವರಾತ್ರಿಯ ಹೊತ್ತಿಗೆ ಅವನ ಕಣ್ಣು ಅರಿಶಿನವಾಯಿತು. ಪಾದ ಊದಿ ಬೂಟು ಹಿಡಿಯದಾಯಿತು. ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂರುತ್ತಿದ್ದ. ರಜೆ ಕೇಳಲು ಅವನು ಕೃಷ್ಣಪ್ಪನವರ ಕೋಣೆಗೆ ಹೋದಾಗ ಅವರು ಕಡತ ತೆರೆದು ನೋಡಿದರು.

"ನೀವು ಪಾಸಾದ ಲಾಟಿನವರು ಆವಲಪ್ಪ. ನಿಮಗೆ ಕಾಯಿಲೆ ಇರೋಕೆ ಬರಲ್ಲ."

"ಐತೆ ಸಾರ್. ನೋಡಿ ಬೇಕಾದ್ರೆ."

"ನಾವು ನೋಡೋದು ನಿಮ್ಮನ್ನಲ್ಲ."

ಡಾಕ್ಟರನ್ನು ಕರೆಸಿದರು. ಡಾಕ್ಟರು ಇನ್‌ಸ್ಪೆಕ್ಷನ್ ಕೋಣೆಗೆ ಬಂದು ನಲ್ಲಪ್ಪನ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಬಿಳಿಯಾಗಿತ್ತು. ಹೊಟ್ಟೆ ಅದುಮಿದರು. ಮೆತ್ತಗಿತ್ತು. ಆವಲಪ್ಪ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ.

"ಸಾರ್, ನನ್ನನ್ನಲ್ಲ, ಅವನನ್ನ ನೋಡಿ," ಎಂದ ನಲ್ಲಪ್ಪ.

ಕೃಷ್ಣಪ್ಪನವರು ನ್ಯಾಯವಂತರು. ದಾರಿ ಇಲ್ಲವೆನ್ನಲಿಲ್ಲ. "ನೋಡಪ್ಪ, ನಿನಗೆ ಹುಷಾರಿಲ್ಲ ಅಂತ ನೀನು ಹೇಳು. ಲಾಟು ಫೇಲಾಗುತ್ತೆ, ಅವನಿಗೆ ರಜೆ ಸಿಗುತ್ತೆ, ಆಸ್ಪತ್ರೆನೂ ಸಿಗುತ್ತೆ. ನಿನ್ನ ಚೀಟಿ ವಾಪಸ್ ತಗೋಬೇಕಾಗುತ್ತೆ, ಪರ್ಮನೆಂಟೂ. ಹೇಳು, ಹೆಂಗಿದ್ದೀಯ?"

ನಲ್ಲಪ್ಪ ಯೋಚನೆ ಮಾಡಿದ. ಯೋಚನೆ ಮಾಡಿದ್ದಕ್ಕೆ ಗುರುತಾಗಿ ಅಂಗಿಯ ಗುಂಡಿಯ ಚೀಟಿಯನ್ನು ನೆಟ್ಟಗೆ ಮಾಡಿಕೊಂಡ. ಆಮೇಲೆ ಹೇಳಿದ.

"ಚೆನ್ನಾಗಿದ್ದೀನಿ ಸಾರ್."

"ಬಿಡಣ್ಣ," ಎಂದ ಆವಲಪ್ಪ. "ನೀನಾದ್ರೂ ಚೆನ್ನಾಗಿದ್ದೀಯಲ್ಲ." ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಇದ್ದಿದ್ದರೆ ನಲ್ಲಪ್ಪನಿಗೆ ಸುಲಭವಾಗುತ್ತಿತ್ತು. ಆವಲಪ್ಪ ಕೆಲಸಕ್ಕೆ ಮರಳಿದ.

ಯುಗಾದಿಗೆ ಮುಂಚಿನ ವಾರ ಅವನು ತೀರಿಕೊಂಡ.

ಶೆಡ್ಡಿನಲ್ಲಿ ಸಂತಾಪ ಸಭೆ ಇಟ್ಟರು. ಗೇಟಿನಿಂದ ಕಪ್ಪಿನ ಫೋಟೋ ಇಳಿಸಿ ತಂದು ಮೇಜಿನ ಮೇಲೆ ಇಟ್ಟರು. ಆವಲಪ್ಪನ ಹೆಂಡತಿ ಈಶ್ವರಮ್ಮನನ್ನು ನಾಗಸಂದ್ರದಿಂದ ಕಾರ್ಖಾನೆಯ ವ್ಯಾನಿನಲ್ಲಿ ಕರೆತಂದರು. ಆಕೆ ಫೋಟೋ ನೋಡಿದಳು. ಹತ್ತಿರ ಹೋಗಿ ಇನ್ನೊಮ್ಮೆ ನೋಡಿದಳು.

"ಇದ್ಯಾರ್ದು?"

"ನಿಮ್ಮ ಯಜಮಾನ್ರದೇ ಅಮ್ಮ," ಎಂದರು ಕೃಷ್ಣಪ್ಪನವರು.

"ಅಲ್ಲ. ನಮ್ಮೋರು ಇಂಗಿರ್ಲಿಲ್ಲ. ಇವರು ಯಾರೋ ಒಂದೊರ್ಸ ನಮ್ ಮನೇಲಿದ್ರು ಅಷ್ಟೇ." ಆಕೆ ಸುತ್ತ ನೋಡಿ, ಮೂಲೆಯಲ್ಲಿ ನಿಂತಿದ್ದ ನಲ್ಲಪ್ಪನನ್ನು ತೋರಿಸಿದಳು. "ಮಾತ್ರೆ ತಗೊಳ್ಳೋಕ್ಕೆ ಮುಂಚೆ ನಮ್ಮೋರು ಅಂಗಿದ್ರು. ಅದೇ ಮೈಕಟ್ಟು."

ಸಭೆ ಗೊಂದಲಕ್ಕೆ ಬೀಳಲಿಲ್ಲ. ವೆಂಕಟೇಶಪ್ಪನವರು ಎದ್ದು, ಲಾಟಿನ ಪೀಸು ಗುರುತು ಸಿಗದಿದ್ದಾಗ ಸ್ಯಾಂಪಲನ್ನು ನೋಡುವುದು ನಿಯಮವೆಂದು ತಿಳಿಸಿದರು. ಫೋಟೋ ತೆಗೆದರು. ಮೇಜಿನ ಹಿಂದೆ ಸ್ಟೂಲು ಹಾಕಿ ನಲ್ಲಪ್ಪನನ್ನು ಕೂರಿಸಿದರು. ಊದುಬತ್ತಿ ಹಚ್ಚಿದರು. ಉಳಿದ ಆರು ಜನ ತೋಳು ಅಡ್ಡ ಬರುತ್ತಿದ್ದದ್ದರಿಂದ ಕೈಗಳನ್ನು ದೂರವಿಟ್ಟು ನಮಸ್ಕಾರ ಮಾಡಿದರು. ಒಂದು ನಿಮಿಷ ಎಲ್ಲರೂ ಮೌನವಾಗಿ ನಿಂತರು. ನಲ್ಲಪ್ಪನೂ ನಿಲ್ಲಲು ಹೋದ. ಅವನು ಏಳಬಾರದೆಂದು ಕೃಷ್ಣಪ್ಪನವರು ಸನ್ನೆ ಮಾಡಿದರು.

ಹಾರ ತಂದರು. ನಲ್ಲಪ್ಪ ತಲೆ ಬಗ್ಗಿಸಿದ. ಈಶ್ವರಮ್ಮ ಹಾಕಿದಳು.

ಅಳತೆ ಸರಿಯಾಗಿತ್ತು.